ಕೊಳಗದಿಂದ ಶಾಸನಸಭೆಗೆ



1952ರ ಜೂನ್ 18ರಂದು ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ, ಜನ ಅಠಾರಾ ಕಚೇರಿ ಎಂದು ಕರೆಯುವ, ಈಗ ಹೈಕೋರ್ಟ್ ಇರುವ ಅದೇ ಕಟ್ಟಡದಲ್ಲಿ, ಮೈಸೂರು ರಾಜ್ಯದ ಹೊಸ ವಿಧಾನಸಭೆ ಮೊದಲ ಬಾರಿಗೆ ಸೇರಿತು. ವಿಧಾನಸೌಧಕ್ಕೆ ಶಂಕುಸ್ಥಾಪನೆ ಆಗಿ ಒಂದು ವರ್ಷವೂ ಕಳೆದಿರಲಿಲ್ಲ. ವಯಸ್ಕ ಮತದಾನದ ಮೂಲಕ ಆರಿಸಿ ಬಂದ 99 ಸದಸ್ಯರು ಆ ದಿನ ಪ್ರಮಾಣ ವಚನ ಸ್ವೀಕರಿಸಿದರು. ಗೌರವ ಅಧ್ಯಕ್ಷರಾಗಿದ್ದ ವಿ. ವೆಂಕಟಪ್ಪ ಪ್ರಮಾಣ ವಚನ ಬೋಧಿಸಿದರು. ಅನಂತರ ಸ್ಪೀಕರ್ ಆಯ್ಕೆ.

ಸ್ಪೀಕರ್ ಸ್ಥಾನಕ್ಕೆ ಆಳುವ ಪಕ್ಷ ಯಾರನ್ನು ಸೂಚಿಸುತ್ತದೆಯೋ ಅವರೇ ಗೆಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂದು ಸಭೆಯಲ್ಲಿ ಕಾಂಗ್ರೆಸ್ ಬಲ 74. ಸಮಾಜವಾದಿಗಳು ಕೇವಲ 3 ಮಂದಿ. ಆದರೂ ಕಾಂಗ್ರೆಸ್ಸಿನ ಎಚ್. ಸಿದ್ದಯ್ಯನವರ ಎದುರು ಆ ಮೂವರ ಪೈಕಿ ಒಬ್ಬರು ಸ್ಪರ್ಧಿಸಿದರು. ಸಿದ್ದಯ್ಯನವರಿಗೆ 74 ಮತ ಬಂದು ಅವರು ಸ್ಪೀಕರ್ ಆದರು. ಸೋತವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಅವರು ಸಾಗರ-ಹೊಸನಗರದ ಶಾಸಕ ಶಾಂತವೇರಿ ಗೋಪಾಲಗೌಡ.

ಸೋಲುವುದು ಖಚಿತವಾಗಿದ್ದ ಆ ಸ್ಪರ್ಧೆ ಕೆಲವರಿಗೆ ಹುಡುಗಾಟವಾಗಿ ಕಂಡಿರಬಹುದು. ಅದರ ಹಿಂದಿನ ಕಥೆ ತಿಳಿದವರಿಗೆ ಹಾಗೆ ಅನ್ನಿಸಲಾರದು. ವಿರೋಧ ಪಕ್ಷವೆಂದರೆ ಸುಮ್ಮನೆ ಕುಳಿತು ಕೈ ಎತ್ತುವ ಗುಂಪಲ್ಲ ಎಂಬುದನ್ನು ಸಭೆಯ ಮೊದಲ ದಿನವೇ ದಾಖಲು ಮಾಡಿದಂತಾಯಿತು. ಅಧಿಕಾರವಾಗಲಿ, ಹಣವಾಗಲಿ, ಸಭೆಯಲ್ಲಿ ಸಂಖ್ಯಾಬಲವಾಗಲಿ ಇಲ್ಲದ ಒಬ್ಬ ಯುವ ಶಾಸಕ ಏನು ಮಾಡಬಲ್ಲ? ಈ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ಗೋಪಾಲಗೌಡರ ರಾಜಕೀಯ ಜೀವನದಲ್ಲಿ ಅದಕ್ಕೆ ಒಂದು ಉತ್ತರ ಸಿಗುತ್ತದೆ.

ನಮ್ಮ ಸಂವಿಧಾನದ 173ನೇ ವಿಧಿಯ ಪ್ರಕಾರ ವಿಧಾನಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಿರಬೇಕು. ಮತ ಹಾಕುವ ವಯಸ್ಸು ಆಗ 21 ಇತ್ತು. ಅದು 18ಕ್ಕೆ ಇಳಿದದ್ದು 1989ರಲ್ಲಿ. ಅಂದರೆ ಯುವಕರು ಶಾಸನಸಭೆಗೆ ಬರಲಿ ಎಂದೇ ಸಂವಿಧಾನ ಬಾಗಿಲು ತೆರೆದಿಟ್ಟಿತ್ತು. ಆ ಬಾಗಿಲಿನಿಂದ ಒಳಗೆ ಬರುವವರು ಯಾವ ದಾರಿಯಲ್ಲಿ ಬರುತ್ತಾರೆ ಎಂಬುದೇ ಮುಖ್ಯ. ಮನೆತನದ ಹೆಸರು ಒಂದು ದಾರಿ, ಹಣ ಇನ್ನೊಂದು. ಗೋಪಾಲಗೌಡರು ಬಂದದ್ದು ಗದ್ದೆಯ ದಾರಿಯಲ್ಲಿ.

ಅವರು ಹುಟ್ಟಿದ್ದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಅನುಕೂಲಸ್ಥ ಮನೆತನವೇನಲ್ಲ. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿ ಬಂದಾಗ ಅವರು ವಿದ್ಯಾರ್ಥಿ. ಆ ಪೀಳಿಗೆಯ ಅನೇಕರಂತೆ ಓದು ಬದಿಗಿಟ್ಟು ಚಳವಳಿಗೆ ಧುಮುಕಿ ಜೈಲು ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಹೋರಾಟ ಮುಗಿಯಿತೆಂದು ಹಲವರು ಭಾವಿಸಿದರು. ಗೋಪಾಲಗೌಡರು ಸಮಾಜವಾದಿ ಪಕ್ಷ ಸೇರಿದರು. ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರನ್ನು ಕೊನೆಯವರೆಗೂ ನಡೆಸಿದವು.

ಸ್ವಾತಂತ್ರ್ಯ ಬಂದರೂ ಮಲೆನಾಡಿನ ಗೇಣಿ ಪದ್ಧತಿ ಹಾಗೆಯೇ ಉಳಿದಿತ್ತು. ಅದು ಹೇಗಿತ್ತು ಎಂಬುದು ಇಂದಿನ ಅನೇಕ ತರುಣರಿಗೆ ತಿಳಿದಿರಲಾರದು. ಜಮೀನು ಒಡೆಯನದು, ದುಡಿಮೆ ಒಕ್ಕಲಿನದು. ಉಳುವುದು, ನಾಟಿ, ಕಳೆ, ಕೊಯ್ಲು, ಒಕ್ಕಣೆ ಎಲ್ಲವನ್ನೂ ಗೇಣಿದಾರನೇ ಮಾಡಬೇಕು. ಬೆಳೆ ಕಣಕ್ಕೆ ಬಂದಾಗ ಒಡೆಯನ ಪಾಲಿನ ಭತ್ತವನ್ನು ಅಳೆದು ಕೊಡಬೇಕು. ಬಹುಪಾಲು ಗೇಣಿಗೆ ಬರಹದ ಕರಾರು ಇರುತ್ತಿರಲಿಲ್ಲ. ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ಒಡೆಯನಿಗೆ ಮುನಿಸು ಬಂದರೆ ಮುಂದಿನ ಮಳೆಗಾಲಕ್ಕೆ ಆ ಗದ್ದೆ ಇನ್ನೊಬ್ಬನ ಪಾಲು. ಇದರ ಮೇಲೆ ಒಡೆಯರ ಮನೆಗೆ ಬಿಟ್ಟಿ ಕೆಲಸ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳಕ್ಕೆ ಮೂಲವಾದದ್ದು ಭತ್ತ ಅಳೆಯುವ ಕೊಳಗ. ಗೇಣಿ ಅಳೆಯಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ನಗರದಲ್ಲಿ ಕುಳಿತವರಿಗೆ ಇದು ಸಣ್ಣ ವಿಷಯವೆನಿಸಬಹುದು. ಲೆಕ್ಕ ಹಾಕಿ ನೋಡಿ: ಕೊಳಗ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿದ್ದರೆ, ಮೂವತ್ತು ಕೊಳಗ ಗೇಣಿ ಒಪ್ಪಿಕೊಂಡ ಒಕ್ಕಲು ನಿಜವಾಗಿ ನಲವತ್ತು ಕೊಳಗ ಭತ್ತ ಅಳೆದಂತಾಯಿತು. ಬಾಯಿ ಮಾತಿನಲ್ಲಿ ಗೇಣಿ ಹೆಚ್ಚಿಲ್ಲ. ಮನೆಗೆ ಒಯ್ಯುವ ಭತ್ತದಲ್ಲಿ ಮಾತ್ರ ಹತ್ತು ಕೊಳಗ ಖೋತಾ. ಮಳೆಗಾಲದ ಆಷಾಢದಲ್ಲಿ ಗಂಜಿಗೆ ಅಕ್ಕಿ ಇದೆಯೋ ಇಲ್ಲವೋ ಎಂಬುದನ್ನು ಈ ಹತ್ತು ಕೊಳಗವೇ ತೀರ್ಮಾನಿಸುತ್ತಿತ್ತು.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅವರಲ್ಲಿ ಧೈರ್ಯ ತುಂಬಿತ್ತು. ಕೊಳಗದ ತಕರಾರು ಬೆಳೆದು, ಗೇಣಿದಾರರನ್ನು ಜಮೀನಿನಿಂದ ಬಿಡಿಸುವ ಹಂತಕ್ಕೆ ಹೋಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ರೈತರು ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಅವರನ್ನು ಬಂಧಿಸುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಸಮಾಜವಾದಿ ಪಕ್ಷ ಈ ಹೋರಾಟವನ್ನು ತನ್ನದಾಗಿಸಿಕೊಂಡಿತು. ಮುಂಚೂಣಿಯಲ್ಲಿ ಗೋಪಾಲಗೌಡರಿದ್ದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೆ ಒಳಗಾದಾಗ ಮಲೆನಾಡಿನ ಮೂಲೆಯ ಒಂದು ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಇದಾದ ಕೆಲವೇ ತಿಂಗಳಿಗೆ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಸಾಗರ-ಹೊಸನಗರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ಎ.ಆರ್. ಬದರಿನಾರಾಯಣ್, ಹೆಸರುವಾಸಿಯಾದ ಜಮೀನ್ದಾರಿ ಮನೆತನದವರು. ಎದುರಾಳಿ ಗೋಪಾಲಗೌಡರ ಜೇಬಿನಲ್ಲಿ ಹಣವಿಲ್ಲ. ಸಮಾಜವಾದಿಗಳು ಮತದಾರರ ಬಳಿ ಮತದ ಜೊತೆಗೆ ಚುನಾವಣೆಯ ಖರ್ಚಿಗೆ ಒಂದು ನೋಟನ್ನೂ ಕೇಳುತ್ತಿದ್ದರು. ಮತಕ್ಕಾಗಿ ಹಣ ಹಂಚುವ ಸುದ್ದಿ ಕೇಳಿ ಕೇಳಿ ರೂಢಿಯಾದ ನಮಗೆ ಇದು ವಿಚಿತ್ರವೆನಿಸುತ್ತದೆ. ಇದರಲ್ಲಿ ಒಂದು ತಿಳಿವಳಿಕೆ ಇತ್ತು. ತನ್ನ ಕೈಯಿಂದ ನಾಲ್ಕು ಕಾಸು ಕೊಟ್ಟು ಗೆಲ್ಲಿಸಿದವನನ್ನು ‘ನೀನು ಏನು ಮಾಡಿದೆ’ ಎಂದು ಕೇಳುವ ಹಕ್ಕು ಮತದಾರನಿಗೆ ತಾನಾಗಿಯೇ ಬರುತ್ತದೆ. ಗೋಪಾಲಗೌಡರು ಗೆದ್ದರು. ಹಿಂದಿನ ವರ್ಷ ನೇಗಿಲು ಹಿಡಿದು ಜೈಲಿಗೆ ಹೋದವರ ಪರವಾಗಿ ಮಾತನಾಡಲು ಶಾಸನಸಭೆಯಲ್ಲಿ ಒಂದು ಆಸನ ದೊರೆಯಿತು.

ಆಸನ ದೊರೆಯಿತು, ನಿಜ. 99ರಲ್ಲಿ 3 ಮತ ಇಟ್ಟುಕೊಂಡು ಯಾವ ಕಾನೂನು ಮಾಡಲು ಸಾಧ್ಯ? ಇಲ್ಲಿ ಶಾಸನಸಭೆಯ ಕಲಾಪ ನಡೆಯುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಮತಕ್ಕೆ ಹಾಕಿದಾಗ ಸಂಖ್ಯೆಯೇ ಗೆಲ್ಲುತ್ತದೆ. ಮತಕ್ಕೆ ಹಾಕುವ ಮೊದಲಿನ ಎಲ್ಲ ಹಂತಗಳಲ್ಲೂ ಒಬ್ಬ ಸದಸ್ಯನಿಗೂ ಅವಕಾಶ ಉಂಟು. ಪ್ರಶ್ನೋತ್ತರ ಅವಧಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಲೇಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ರಾಜ್ಯಪಾಲರ ಭಾಷಣದ ವಂದನಾ ನಿರ್ಣಯಕ್ಕೆ ತಿದ್ದುಪಡಿ ಸೂಚಿಸಬಹುದು. ಆಯವ್ಯಯದ ಬೇಡಿಕೆಗಳು ಬಂದಾಗ ಕಡಿತ ಸೂಚನೆ ಮಂಡಿಸಬಹುದು. ಕಂದಾಯ ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಿ ಎಂಬ ಸೂಚನೆಯ ನಿಜವಾದ ಉದ್ದೇಶ ಆ ನೂರು ರೂಪಾಯಿಯಲ್ಲ, ಇಲಾಖೆಯ ಒಂದು ನಿರ್ದಿಷ್ಟ ತಪ್ಪನ್ನು ಸಭೆಯ ಮುಂದೆ ಇಡುವುದು. ಖಾಸಗಿ ಸದಸ್ಯರ ವಿಧೇಯಕ ತರಬಹುದು. ಇವೆಲ್ಲ ಬಹುಮತದಿಂದ ಬಿದ್ದುಹೋಗಬಹುದು. ಆದರೆ ಆಡಿದ ಮಾತು ನಡವಳಿಯಲ್ಲಿ ಅಚ್ಚಾಗುತ್ತದೆ, ಮಂತ್ರಿ ಕೊಟ್ಟ ಉತ್ತರವೂ ಅಚ್ಚಾಗುತ್ತದೆ.

ಗೋಪಾಲಗೌಡರ ಹೆಸರು ಹೇಳಿದರೆ ಇಂದಿಗೂ ಹಳಬರಿಗೆ ಮೊದಲು ನೆನಪಾಗುವುದು ಅವರ ಸಿಟ್ಟು. ಆ ಸಿಟ್ಟಿನ ಕಥೆಗಳು ಅವರ ಕೆಲಸವನ್ನು ಮರೆಸಿಬಿಡುವಷ್ಟು ಬೆಳೆದಿವೆ. ಸಭೆಯಲ್ಲಿ ಅವರು ಮತ್ತೆ ಮತ್ತೆ ಎತ್ತಿದ ವಿಷಯಗಳು ಮೂರು: ಉಳುವವನಿಗೆ ಭೂಮಿಯ ಹಕ್ಕು, ಕನ್ನಡಿಗರೆಲ್ಲರ ಒಂದು ರಾಜ್ಯ, ಆ ರಾಜ್ಯದ ಆಡಳಿತದಲ್ಲಿ ಕನ್ನಡ. ಮೂರೂ ಒಂದೇ ಬೇರಿನಿಂದ ಬಂದವು. ಗೇಣಿದಾರನಿಗೆ ಓದಲಾಗದ ಭಾಷೆಯಲ್ಲಿ ನೋಟೀಸು ಬಂದರೆ, ತಿಳಿಯದ ಭಾಷೆಯಲ್ಲಿ ಕಾನೂನು ಚರ್ಚೆಯಾದರೆ, ಆ ಕಾನೂನು ಅವನ ಕೈಗೆ ಎಟುಕುವುದಾದರೂ ಹೇಗೆ? ಭಾಷೆಯ ಪ್ರಶ್ನೆಯೂ ಹೀಗೆ ಗದ್ದೆಯ ಪ್ರಶ್ನೆಯೇ ಆಗಿತ್ತು.

ಏಕೀಕರಣದ ವಿಷಯದಲ್ಲಿ ಅವರ ನಿಲುವಿಗೆ ವಿಶೇಷ ಮಹತ್ವವಿದೆ. ಹಳೆಯ ಮೈಸೂರಿನ ಅನೇಕ ನಾಯಕರಿಗೆ ಮುಂಬಯಿ, ಹೈದರಾಬಾದು ಕಡೆಯ ಕನ್ನಡ ಪ್ರದೇಶಗಳು ಸೇರುವುದು ಇಷ್ಟವಿರಲಿಲ್ಲ. ಆ ಪ್ರದೇಶಗಳು ಹಿಂದುಳಿದಿವೆ, ಹೊರೆ ನಮ್ಮ ಮೇಲೆ ಬೀಳುತ್ತದೆ ಎಂಬುದು ಹೊರಗೆ ಹೇಳುತ್ತಿದ್ದ ಕಾರಣ. ರಾಜಕೀಯದಲ್ಲಿ ತಮ್ಮ ಪ್ರಾಬಲ್ಯ ಕುಗ್ಗುತ್ತದೆಂಬ ಭಯ ಒಳಗೆ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದಾಗ ಈ ಚರ್ಚೆ ಕಾವೇರಿತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಅವರ ಸರ್ಕಾರವನ್ನು ಬೇರೆ ವಿಷಯಗಳಲ್ಲಿ ಕಟುವಾಗಿ ವಿರೋಧಿಸುತ್ತಿದ್ದ ಗೋಪಾಲಗೌಡರೂ ಅಖಂಡ ಕರ್ನಾಟಕದ ಪರವಾಗಿ ನಿಂತರು. ವಿರೋಧ ಪಕ್ಷ ಎಲ್ಲವನ್ನೂ ವಿರೋಧಿಸಬೇಕೆಂಬ ನಿಯಮವೇನೂ ಇಲ್ಲವಲ್ಲ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಹೆಸರು ಮಾತ್ರ ‘ಮೈಸೂರು’ ಎಂದೇ ಉಳಿಯಿತು. ‘ಕರ್ನಾಟಕ’ ಎಂಬ ಹೆಸರು ಬೇಕೆಂದು ಪಟ್ಟು ಹಿಡಿದವರಲ್ಲಿ ಗೋಪಾಲಗೌಡರೂ ಒಬ್ಬರು.

ಇಷ್ಟಾದ ಮೇಲೆ 1957ರಲ್ಲಿ ಎರಡನೇ ಚುನಾವಣೆ ಬಂತು. ಗೋಪಾಲಗೌಡರು ಸೋತರು. ಈ ವೇಳೆಗೆ ಸಮಾಜವಾದಿಗಳಲ್ಲಿಯೇ ಒಡಕು ಮೂಡಿತ್ತು. ಲೋಹಿಯಾ ಬೇರೆಯಾಗಿ ಹೊಸ ಪಕ್ಷ ಕಟ್ಟಿದ್ದರು. ಗೋಪಾಲಗೌಡರು ಲೋಹಿಯಾ ಜೊತೆ ಹೋಗಿದ್ದರು. ಒಂದೇ ಗುರಿಯ ಜನ ಎರಡು ಬಾವುಟ ಹಿಡಿದರೆ ಆಗುವ ನಷ್ಟವನ್ನು ಸಮಾಜವಾದಿ ಚಳವಳಿ ಆ ಕಾಲದಿಂದಲೂ ಅನುಭವಿಸುತ್ತ ಬಂದಿದೆ.

ಈ ಸೋಲಿನ ನಿಜವಾದ ಬೆಲೆ ತಿಳಿಯಬೇಕಾದರೆ ಮುಂದಿನ ಐದು ವರ್ಷಗಳಲ್ಲಿ ವಿಧಾನಸೌಧದಲ್ಲಿ ಏನಾಯಿತು ಎಂಬುದನ್ನು ನೋಡಬೇಕು. ಏಕೀಕರಣದ ನಂತರ ಐದು ಕಡೆಯ ಐದು ಬಗೆಯ ಗೇಣಿ ಕಾನೂನುಗಳು ಒಂದೇ ರಾಜ್ಯದಲ್ಲಿ ಇದ್ದವು. ಅವುಗಳನ್ನು ಪರಿಶೀಲಿಸಲು ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ 1957ರಲ್ಲಿ ಸಮಿತಿ ನೇಮಕವಾಯಿತು. ಆ ಸಮಿತಿಯ ವರದಿಯ ಆಧಾರದ ಮೇಲೆ ಬಂದದ್ದೇ 1961ರ ಮೈಸೂರು ಭೂಸುಧಾರಣಾ ಕಾಯಿದೆ. ಗೇಣಿದಾರರ ಪಾಲಿಗೆ ಅಷ್ಟು ಮುಖ್ಯವಾದ ವಿಧೇಯಕ ಚರ್ಚೆಯಾಗುವಾಗ, ಗೇಣಿದಾರರ ಹೋರಾಟದಿಂದಲೇ ಶಾಸಕರಾಗಿದ್ದ ಗೋಪಾಲಗೌಡರು ಸಭೆಯಲ್ಲಿ ಇರಲಿಲ್ಲ.

ಆ ಕಾಯಿದೆಯಲ್ಲಿ ಒಳ್ಳೆಯ ಅಂಶಗಳು ಇದ್ದವು. ದೊಡ್ಡ ತೂತುಗಳೂ ಇದ್ದವು. ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಮಾಲೀಕ ಗೇಣಿ ಜಮೀನನ್ನು ವಾಪಸು ಪಡೆಯಲು ಅವಕಾಶ ಉಳಿದಿತ್ತು. ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಕಾನೂನು ಬರುತ್ತದೆ ಎಂಬ ಸುದ್ದಿ ಮೊದಲು ಬಂದು, ಕಾನೂನು ನಾಲ್ಕು ವರ್ಷ ತಡವಾಗಿ ಬಂದರೆ ಯಾರು ಎಚ್ಚೆತ್ತುಕೊಳ್ಳುತ್ತಾರೆ? ಕಾಗದಪತ್ರ ಇದ್ದವರು. ಬಾಯಿ ಮಾತಿನ ಗೇಣಿದಾರನ ಬಳಿ ತಾನು ಆ ಗದ್ದೆಯನ್ನು ಉಳುತ್ತಿದ್ದೆ ಎನ್ನಲು ಅಂಗೈಯ ಜಡ್ಡು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

1962ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಿಂದ ಗೆದ್ದು ಮರಳಿ ಬಂದರು. 1967ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆದ್ದರು. ಆಗ ಅವರು ಯುವ ಶಾಸಕ ಅಲ್ಲ. ಯುವಕರು ಸುತ್ತ ನೆರೆಯುವ ಹಿರಿಯ. 1967ರಲ್ಲಿ ಸೊರಬದಿಂದ ಎಸ್. ಬಂಗಾರಪ್ಪ ಮೊದಲ ಬಾರಿಗೆ ವಿಧಾನಸಭೆಗೆ ಬಂದರು. ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲ್ ಅಲ್ಲಿ ಕನ್ನಡದಲ್ಲಿ ಮಾತನಾಡಿ ದೇಶದ ಗಮನ ಸೆಳೆದರು. ಇಬ್ಬರೂ ಸಮಾಜವಾದಿ ಗರಡಿಯಲ್ಲಿ ಬೆಳೆದವರು. ಇಬ್ಬರೂ ಮುಂದೆ 1990ರ ದಶಕದಲ್ಲಿ ಮುಖ್ಯಮಂತ್ರಿಗಳಾದರು. ಗೋಪಾಲಗೌಡರು ಒಮ್ಮೆಯೂ ಮಂತ್ರಿಯಾಗಲಿಲ್ಲ. ಸಾಹಿತಿಗಳ ಸ್ನೇಹ ಅವರಿಗೆ ಬಹಳ ಇತ್ತು. ಯು.ಆರ್. ಅನಂತಮೂರ್ತಿಯವರು 1978ರಲ್ಲಿ ಪ್ರಕಟಿಸಿದ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಗೋಪಾಲಗೌಡರ ಛಾಯೆಯನ್ನು ಓದುಗರು ಗುರುತಿಸಿದರು. ಶಿವಮೊಗ್ಗ ಜಿಲ್ಲೆಯಲ್ಲಿ ರಾಜಕೀಯವೂ ಸಾಹಿತ್ಯವೂ ಒಂದೇ ಜಗಲಿಯಲ್ಲಿ ಕುಳಿತು ಮಾತನಾಡಿದ ಕಾಲ ಅದು.

ಹಾಗೆಂದು ಅವರನ್ನು ದೋಷವೇ ಇಲ್ಲದ ಮೂರ್ತಿಯಾಗಿ ಕೂರಿಸಬೇಕಾಗಿಲ್ಲ. ಅವರ ಹಿಂದೆ ಅಭಿಮಾನಿಗಳು ಇದ್ದಷ್ಟು ಗಟ್ಟಿಯಾದ ಪಕ್ಷ ಇರಲಿಲ್ಲ. ಅವರ ನಂತರ ಸಮಾಜವಾದಿಗಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಅಧಿಕಾರ ಇದ್ದ ಕಡೆ ಹೋದವರೂ ಕಡಿಮೆಯಲ್ಲ. ಒಬ್ಬ ವ್ಯಕ್ತಿಯ ನೈತಿಕ ಬಲದ ಮೇಲೆ ನಿಂತ ರಾಜಕೀಯ ಆ ವ್ಯಕ್ತಿ ಹೋದ ಮೇಲೆ ಎಷ್ಟು ದಿನ ನಿಂತೀತು ಎಂಬ ಪ್ರಶ್ನೆಗೆ ಶಿವಮೊಗ್ಗದ ಸಮಾಜವಾದದ ಚರಿತ್ರೆ ಸಮಾಧಾನದ ಉತ್ತರ ಕೊಡುವುದಿಲ್ಲ.

ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಹಣ್ಣು ಮಾಡಿತು. 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ವಯಸ್ಸು 49.

ಅವರು ತೀರಿಕೊಳ್ಳುವುದಕ್ಕೆ ಮೂರು ತಿಂಗಳಿಗೂ ಕಡಿಮೆ ಮೊದಲು, ಅದೇ ವರ್ಷದ ಮಾರ್ಚ್ 20ರಂದು ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಅರಸು ಸಹ 1952ರ ಆ ಮೊದಲ ವಿಧಾನಸಭೆಯಲ್ಲಿ ಹುಣಸೂರಿನ ಸದಸ್ಯರಾಗಿದ್ದವರು. ಗೋಪಾಲಗೌಡರು ವಿರೋಧ ಪಕ್ಷದ ಆಸನದಿಂದ ಗೇಣಿದಾರರ ಪರ ಮಾತನಾಡುತ್ತಿದ್ದಾಗ ಅರಸು ಆಳುವ ಪಕ್ಷದ ಕಡೆ ಕುಳಿತಿದ್ದರು. ಇಪ್ಪತ್ತು ವರ್ಷದ ನಂತರ ಕಾನೂನು ಮಾಡುವ ಅಧಿಕಾರ ಅರಸು ಅವರ ಕೈಗೆ ಬಂತು.

1973ರ ನವೆಂಬರ್ 1ರಂದು ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂತು. ಗೇಣಿ ಪದ್ಧತಿಯೇ ರದ್ದಾಗಿ, ಗೇಣಿ ಜಮೀನುಗಳು ಸರ್ಕಾರದ ವಶಕ್ಕೆ ಬಂದವು. ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಅರ್ಜಿಗಳನ್ನು ವಿಚಾರಣೆ ಮಾಡಲು ಭೂ ನ್ಯಾಯಮಂಡಳಿಗಳು ಬಂದವು. ಉಪವಿಭಾಗಾಧಿಕಾರಿ ಅಧ್ಯಕ್ಷ, ಸರ್ಕಾರ ನೇಮಿಸಿದ ಸದಸ್ಯರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿಲ್ಲ ಎಂಬ ನಿಯಮವೂ ಇತ್ತು. ಒಡೆಯನ ಕಡೆ ದೊಡ್ಡ ವಕೀಲ, ಒಕ್ಕಲಿನ ಕಡೆ ಯಾರೂ ಇಲ್ಲ ಎಂಬ ಪರಿಸ್ಥಿತಿ ಬರಬಾರದೆಂಬುದೇ ಇದರ ಉದ್ದೇಶ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಲಕ್ಷಾಂತರ ಜನರ ಪಹಣಿಯಲ್ಲಿ ಹೆಸರಾಗಿ ಬಂದು ಕುಳಿತಿತು. ಜಮೀನೇ ಇಲ್ಲದ ಕೂಲಿಕಾರರಿಗೆ ಅದರಿಂದ ದೊರೆತದ್ದು ಕಡಿಮೆ ಎಂಬುದೂ ನಿಜ.

ಗೋಪಾಲಗೌಡರು ಇವೆರಡನ್ನೂ ನೋಡಲಿಲ್ಲ. ಮೊದಲನೆಯದಕ್ಕೆ ಹದಿನೇಳು ತಿಂಗಳು, ಎರಡನೆಯದಕ್ಕೆ ಇಪ್ಪತ್ತೊಂದು ತಿಂಗಳು ಬಾಕಿ ಇತ್ತು. ಕಾನೂನು ಮಾಡಿದ ಕೀರ್ತಿ ಅರಸು ಸರ್ಕಾರಕ್ಕೆ ಸಲ್ಲಬೇಕು, ಸಂದಿದೆ. ಆದರೆ ಕಾನೂನು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಕಾಗೋಡಿನ ಗದ್ದೆಯಲ್ಲಿ ಜೈಲಿಗೆ ಹೋದವರು, ಆ ಮಾತನ್ನು ಸಭೆಯ ನಡವಳಿಗೆ ಏರಿಸಿದವರು, ಸೋತು ಮನೆಯಲ್ಲಿ ಕುಳಿತಾಗಲೂ ಅದನ್ನು ಬಿಡದವರು, ಇವರೆಲ್ಲರ ಇಪ್ಪತ್ತು ವರ್ಷದ ಒತ್ತಡ ಅದರ ಹಿಂದೆ ಇದೆ. ಯುವ ಶಾಸಕನ ಸಾಧನೆಯನ್ನು ಅವನ ಅವಧಿಯಲ್ಲಿ ಹಾಕಿದ ಶಂಕುಸ್ಥಾಪನೆಯ ಕಲ್ಲುಗಳನ್ನು ಎಣಿಸಿ ಅಳೆಯುವುದು ಈಗಿನ ರೂಢಿ. ಆ ಅಳತೆಯಲ್ಲಿ ಗೋಪಾಲಗೌಡರ ಲೆಕ್ಕ ಬಹಳ ಕಡಿಮೆ ಬರುತ್ತದೆ. ಅಳೆಯುವ ಕೊಳಗ ಸರಿ ಇದೆಯೇ ಎಂದು ಕಾಗೋಡಿನ ರೈತರು ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದು.

ಕೊನೆಗೆ ಒಂದು ಸಂಗತಿ. 1952ರಲ್ಲಿ ಗೋಪಾಲಗೌಡರು ಸ್ಪರ್ಧಿಸಿ ಸೋತ ಸ್ಪೀಕರ್ ಸ್ಥಾನಕ್ಕೆ 2013ರಲ್ಲಿ ಒಬ್ಬ ಹಿರಿಯ ಶಾಸಕರು ಆಯ್ಕೆಯಾದರು. ಸಾಗರದಿಂದ ಗೆದ್ದು ಬಂದ ಅವರು ಯೌವನದಲ್ಲಿ ಸಮಾಜವಾದಿ ಚಳವಳಿಯಲ್ಲಿದ್ದವರು. 2016ರಲ್ಲಿ ಅವರು ಕಂದಾಯ ಸಚಿವರಾದರು. ಅಂದರೆ ಗೇಣಿ, ಪಹಣಿ, ಜಮೀನಿನ ಹಕ್ಕುಗಳ ಖಾತೆಯೇ ಅವರ ಕೈಗೆ ಬಂತು. ಅವರ ಹೆಸರು ತಿಮ್ಮಪ್ಪ. ಊರಿನ ಹೆಸರನ್ನೂ ಸೇರಿಸಿಯೇ ಜನ ಅವರನ್ನು ಕರೆಯುವುದು: ಕಾಗೋಡು ತಿಮ್ಮಪ್ಪ.